ಹಾಗೇ ಅದೊಂದು

ಬಸ್ಸಿನ ಸಾಲಿನಲ್ಲಿ ನಿಂತಿದ್ದ ಹಮಾಲಿಯ ಬೆನ್ನು ದಿನವಿಡೀ ಮೂಟೆ ಹೊತ್ತು ಬಿದ್ದುಹೋಗಿತ್ತು. ಕಿವಿ ಮಾತ್ರ ಹಿಂದೆ ನಿಂತಿದ್ದ ಇಬ್ಬರು ಮನೆಗೆಲಸದ ಹೆಂಗಸರ ಕಡೆಗಿತ್ತು.

“ಇವತ್ತಾದ್ರೂ ಆಸ್ಪತ್ರೆಲಿ ಅಮ್ಮನ್ನ ನೋಡಿದ್ಯೇನೇ?” ಎಂದಳು ಹಿರಿಯಳು.

“ಎಲ್ಲಿ ಅಕ್ಕಾ. ಐದಾದ್ಮೇಲೆ ಒಳಗೆ ಬಿಡಲ್ಲ. ಆ ಮನೆಯಮ್ಮ ನನ್ನ ಕಳಿಸಿದ್ದೇ ಐದೂಕಾಲಿಗೆ.”

“ಮೂರಕ್ಕೆ ಮುಗಿಯೋ ಕೆಲಸ ಅಲ್ವಾ?”

“ಗುಡಿಸಿ ಒರೆಸೋದು ಮೂರಕ್ಕೇ ಮುಗಿಯುತ್ತೆ. ಆಮೇಲೆ ‘ಹಾಗೇ ಅದೊಂದು’ ಶುರುವಾಗುತ್ತೆ. ಹಾಗೇ ಫ್ಯಾನ್ ಒರೆಸಿಬಿಡು, ಹಾಗೇ ಫ್ರಿಜ್ ತೊಳೆದುಬಿಡು.”

“ಅದಕ್ಕೆ ಸಂಬಳ?”

“ಅದೂ ಹಾಗೇ ಹೋಗುತ್ತೆ.”

“ಬಾಯಿಬಿಟ್ಟು ಹೇಳೋಕೆ ನಿಂಗೇನು ಧಾಡಿ?”

“ಹೇಳ್ದೆ ಅಕ್ಕಾ. ನಾಲ್ಕು ದಿನದಿಂದ ಅಮ್ಮನ ಮುಖ ನೋಡಿಲ್ಲ ಅಂದೆ. ಅವರ ಕಣ್ಣಲ್ಲೇ ನೀರು ಬಂತು.”

“ಆಮೇಲೆ?”

“‘ಅಯ್ಯೋ ಪಾಪ, ನಾಳೆಯಿಂದ ಒಂದು ಗಂಟೆ ಮುಂಚೆನೇ ಬಂದುಬಿಡಮ್ಮ’ ಅಂದ್ರು.”

“ಸಂಜೆ ನಿನ್ನ ಬಿಡೋದು ಯಾವಾಗಂತೆ?”

“ಅದನ್ನ ಕೇಳೋಷ್ಟರಲ್ಲಿ ಇಸ್ತ್ರಿ ಮಾಡು ಅಂತ ಬಟ್ಟೆ ಗಂಟು ಕೈಗಿಟ್ರು.”

ಬಸ್ಸು ಬಂತು. ಹಮಾಲಿ ಬೆನ್ನುನೋವಿಗೆ ಹಲ್ಲು ಕಚ್ಚಿಕೊಂಡು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟ. ಹಿರಿಯಳು ಕಿರಿಯಳ ಕೈಯಿಂದ ಚೀಲ ಇಸಿದುಕೊಂಡು, ಅವಳನ್ನೇ ಮೊದಲು ಹತ್ತಿಸಿದಳು.