ಬಾತ್‌ರೂಮಿನಲ್ಲಿ ರಾಕ್ಷಸಿ ಹನ್ನೊಂದು ಸಲ ಸತ್ತ ಬಗ್ಗೆ

ಹೆಸರು ಮತ್ತು ಪೂರ್ಣ ವಿಳಾಸವನ್ನು ಮೇಲಿನ ಕಾಲಂಗಳಲ್ಲಿ ಬರೆಸಿರುವ ನಾನು, ವಯಸ್ಸು 25 ವರ್ಷ, ಹಲ್ಲಿನ ಕ್ಲಿನಿಕ್ ಒಂದರಲ್ಲಿ ರಿಸೆಪ್ಷನಿಸ್ಟ್, ವಾಸ ಮೂರನೇ ಮಹಡಿಯ ಎಡಗಡೆ ಮನೆ, ಮದುವೆಯಾಗಿ ಇಂದಿನದೂ ಸೇರಿ 23 ದಿನ, ಈ ಮೂಲಕ ತಿಳಿಸುವುದೇನೆಂದರೆ, ನನ್ನ ಪತಿ ನನ್ನನ್ನು ಹೊಡೆದಿಲ್ಲ. ಅವರು ಈಗ ಪಕ್ಕದ ಕೊಠಡಿಯ ಬೆಂಚಿನ ಮೇಲೆ ಕುಳಿತಿದ್ದಾರೆ. ಅವರ ಮೇಲೆ ಕೇಸ್ ದಾಖಲಾಗಬೇಕೋ ಬೇಡವೋ ಎಂಬುದು ನನ್ನ ಮಾತಿನ ಮೇಲೆ ನಿಂತಿದೆ ಎಂದು ತಿಳಿಸಿರುವುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ನನ್ನ ಪತಿ ಹಲ್ಲಿನ ಸೆಟ್ ತಯಾರಿಸುವ ಲ್ಯಾಬ್‌ನಲ್ಲಿ ಟೆಕ್ನೀಷಿಯನ್. ನಮ್ಮ ಕ್ಲಿನಿಕ್‌ನ ಅಚ್ಚುಗಳು ಅವರಲ್ಲಿಗೇ ಹೋಗುತ್ತಿದ್ದುದರಿಂದ ಪರಿಚಯವಾಯಿತು. ಆ ಪರಿಚಯ ಹೇಗೆ ಬೆಳೆಯಿತೆಂಬುದು ಇಲ್ಲಿ ಬೇಕಾಗಿಲ್ಲವೆಂದು, ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ರೈಟರ್ ಅವರು ಎರಡು ಸಲ ಹೇಳಿದ್ದರಿಂದ ಬಿಟ್ಟಿದ್ದೇನೆ.

ಬಿಡುವಿನಲ್ಲಿ ಅವರು ಒಂದು ಹಳೆಯ ಕಂಪ್ಯೂಟರ್ ಆಟವನ್ನು ತಿದ್ದುತ್ತಾರೆ. ಪರದೆಯ ಮೇಲೆ ನಮ್ಮ ಕೈ ಮತ್ತು ಬಂದೂಕು ಮಾತ್ರ ಕಾಣುತ್ತದೆ. ಓಣಿಗಳಲ್ಲಿ ಓಡುತ್ತಾ, ಎದುರು ಬಂದ ರಾಕ್ಷಸರಿಗೆ ಗುಂಡು ಹೊಡೆಯಬೇಕು. ಆಟ ನನ್ನಷ್ಟೇ ವಯಸ್ಸಿನದು. ಅದನ್ನು ಬಿಡಲಾರದ ಅಭಿಮಾನಿಗಳು ತಾವೇ ಹೊಸ ಕಟ್ಟಡ, ಹೊಸ ರಾಕ್ಷಸರನ್ನು ಮಾಡಿ ಸೇರಿಸಿ, ಬೇಕಾದವರಿಗೆ ಪುಕ್ಕಟೆ ಕೊಡುತ್ತಾರೆ. ಇದಕ್ಕೆ ಮಾಡ್ ಎನ್ನುತ್ತಾರೆ. ನನ್ನ ಪತಿಯ ಮಾಡ್‌ಗೆ ಮೂರು ವರ್ಷ ಹಿಡಿದಿದೆ. ಅದರಲ್ಲಿ ಪಾಳುಬಿದ್ದ ಆಸ್ಪತ್ರೆಯ 14 ಕೋಣೆಗಳಿವೆ, ಒಂಬತ್ತು ಬಗೆಯ ರಾಕ್ಷಸರಿದ್ದಾರೆ. ಇಷ್ಟು ಚೆಂದದ ಹಲ್ಲಿರುವ ರಾಕ್ಷಸರನ್ನು ನಾನು ಎಲ್ಲೂ ನೋಡಿಲ್ಲ. ಕೊನೆಯ ಕೋಣೆಯ ರಾಕ್ಷಸಿಗೆ ಮಾತ್ರ ದನಿ ಇರಲಿಲ್ಲ. ನನ್ನ ದನಿ ಕೊಡುತ್ತೇನೆಂದು ನಾನೇ ಮುಂದಾದೆ. ಅವರು ಕೇಳಿರಲಿಲ್ಲ.

ಇಂದು ಭಾನುವಾರ ಮಧ್ಯಾಹ್ನ 2-40ಕ್ಕೆ ರೆಕಾರ್ಡಿಂಗ್ ಶುರು ಮಾಡಿದೆವು. ದನಿ ಗುಂಯ್ಯೆನ್ನಲಿ ಎಂದು ಬಾತ್‌ರೂಮನ್ನು ಆರಿಸಿದವಳೂ ನಾನೇ. ನಾನು ಒಳಗೆ, ಅವರು ಬಾಗಿಲಿನಿಂದ ಎರಡು ಅಡಿ ಆಚೆ ಲ್ಯಾಪ್‌ಟಾಪ್ ಹಿಡಿದು ಕುಳಿತಿದ್ದರು. ಪಟ್ಟಿಯಲ್ಲಿ 17 ಕೂಗುಗಳಿದ್ದವು. "ಬಿಡು, ಸಾಯಿಸಬೇಡ" ಎಂಬುದು ನಾಲ್ಕನೆಯದು. ಏಳನೆಯದರಲ್ಲಿ ರಾಕ್ಷಸಿ ಉರುಳಿ ಬೀಳಬೇಕಿತ್ತು. ನಾನು ನಿಜಕ್ಕೂ ಬಿದ್ದೆ, ಎಡ ಮುಂಗೈ ನಲ್ಲಿಗೆ ತಗುಲಿತು. ನನ್ನ ಪತಿ ಹೊರಗಿನಿಂದ, "ಇನ್ನೂ ಜೋರಾಗಿ ಕಿರುಚೇ, ಹೀಗಾ ಸಾಯೋದು? ಸರಿಯಾಗಿ ಸಾಯಿ!" ಎಂದು ಹೇಳುತ್ತಿದ್ದುದು ನಿಜ.

ನಮ್ಮ ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವ ಆಂಟಿ ಇದ್ದಾರೆ. ಬಾತ್‌ರೂಮಿನ ಕಿಟಕಿಯಿಂದ ಇಷ್ಟೂ ಅವರಿಗೆ ಕೇಳಿಸಿದೆ. 2-58ಕ್ಕೆ ಅವರು ಠಾಣೆಗೆ ಫೋನ್ ಮಾಡಿದರು. ಪೊಲೀಸರು ಬರಲಿ ಎಂದು ಕಾಯದೆ 3-04ಕ್ಕೆ ನಮ್ಮ ಬಾಗಿಲು ಬಡಿದರು. ನನ್ನ ಪತಿ ತೆರೆದಾಗ ಆಂಟಿಯ ಕೈಯಲ್ಲಿ ಹತ್ತು ಇಂಚಿನ ಕತ್ತರಿ ಇತ್ತು.

"ಏಯ್, ನೀನು ಗೋಡೆಗೆ ಒರಗಿ ನಿಲ್ಲು. ಬಾ ಮಗಾ ಈಚೆಗೆ, ಹೆದರಬೇಡ" ಎಂದು ಅವರು ಕರೆದರು.

ಗಾಬರಿಯಾದರೆ ನನ್ನ ಪತಿಗೆ ಮಾತು ಸರಿಯಾಗಿ ಹೊರಡುವುದಿಲ್ಲ. "ಆಂಟಿ, ಅವಳು ಆಕ್ಟಿಂಗ್ ಮಾಡ್ತಿದ್ಲು" ಎಂದುಬಿಟ್ಟರು.

ಆಂಟಿ, "ಆಕ್ಟಿಂಗಂತೆ ಆಕ್ಟಿಂಗು! ಹಲ್ಲು ಉದುರಿಸಿಬಿಡ್ತೀನಿ" ಎಂದರು. ನನ್ನ ಪತಿಯ ಉದ್ಯೋಗ ಅವರಿಗೆ ತಿಳಿದಿರಲಿಲ್ಲ.

ನನಗೆ ತಡೆಯಲಾರದಷ್ಟು ನಗು ಬಂತು. 3-15ಕ್ಕೆ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಬಂದಾಗಲೂ ನಗುತ್ತಲೇ ಇದ್ದೆ. ಅವರು ನನ್ನ ಮುಂಗೈ ನೋಡಿ, ನಲ್ಲಿ ತಗುಲಿತೆಂದು ನಾನು ಹೇಳಿದ್ದನ್ನು ಬರೆದುಕೊಂಡು, ಇಬ್ಬರನ್ನೂ ಲ್ಯಾಪ್‌ಟಾಪ್ ಸಮೇತ 900 ಮೀಟರ್ ದೂರದ ಈ ಠಾಣೆಗೆ ಕರೆತಂದರು. ಆಂಟಿಯೂ ಬಂದರು.

ಇಲ್ಲಿ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಹೆಡ್ ಕಾನ್‌ಸ್ಟೇಬಲ್ ಮೇಡಂ ಬಾಗಿಲು ಮುಂದೆ ಮಾಡಿದರು. "ಅವನಿಗೆ ಕೇಳಿಸಲ್ಲ, ಈಗ ಹೇಳಮ್ಮ. ಹೆದರಿಕೊಂಡೋರೂ ನಗ್ತಾರೆ, ನಾನು ನೋಡಿದೀನಿ. ನಲ್ಲಿ ತಗುಲಿತು ಮೇಡಂ, ಮೆಟ್ಟಿಲು ಜಾರಿತು ಮೇಡಂ... ಇದನ್ನ ಎಷ್ಟು ಜನರ ಬಾಯಲ್ಲಿ ಕೇಳಿದೀನಿ ಗೊತ್ತಾ?" ಎಂದರು.

ಆಗ ನನ್ನ ನಗು ನಿಂತಿತು. ನಾನು ಹೇಳುವ ಪ್ರತಿಯೊಂದು ನಿಜವೂ ಮೊದಲೇ ಯಾರೋ ಸುಳ್ಳಾಗಿ ಹೇಳಿ ಹೋದ ಮಾತಾಗಿತ್ತು. ನನ್ನ ಪತಿ ತುಂಬಾ ಒಳ್ಳೆಯವರು ಎಂದೆ. ಮೇಡಂ ತಲೆಯಾಡಿಸಿದರು, ಬರೆದುಕೊಳ್ಳಲಿಲ್ಲ.

ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಮೊದಲಿನಿಂದ ಬಾಗಿಲು ಬಡಿಯುವವರೆಗೆ ಎಲ್ಲೂ ನಿಲ್ಲಿಸದೆ ಓಡಿತ್ತೆಂದು ನನಗೆ ನೆನಪಾಯಿತು. ಮೇಡಂ ಹೆಡ್‌ಫೋನ್ ಹಾಕಿಕೊಂಡು 24 ನಿಮಿಷ ಪೂರ್ತಿ ಕೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನಾಲ್ಕನೇ ಕೂಗಿಗೆ ಅವರು ಪೆನ್ನು ಕೆಳಗಿಟ್ಟರು. ಏಳನೆಯದಾದ ಮೇಲೆ ರಾಕ್ಷಸಿ "ಅಯ್ಯಮ್ಮಾ, ನಲ್ಲಿ!" ಎನ್ನುತ್ತಾಳೆ. ನನ್ನ ಪತಿ ಬಾಗಿಲು ತಳ್ಳಿ ಬಂದು, "ಎಲ್ಲಿ ತೋರ್ಸು, ಸಾಕು ಬಿಡು, ಈ ರಾಕ್ಷಸಿ ಮೂಗಿಯಾಗೇ ಇರಲಿ" ಎನ್ನುತ್ತಾರೆ. "ಸುಮ್ನೆ ಹೋಗ್ರೀ, ಈಗ ತಾನೇ ಗಂಟಲು ಕುದುರಿದೆ" ಎಂದು ನಾನು ಅವರನ್ನು ಆಚೆಗೆ ಅಟ್ಟುತ್ತೇನೆ. ಈ ಭಾಗವನ್ನು ಮೇಡಂ ಮೂರು ಸಲ ಹಾಕಿಕೊಂಡು ಕೇಳಿದರು. ನಂತರ ಪೆನ್ನು ತೆಗೆದುಕೊಂಡರು. ಹನ್ನೊಂದನೆಯದು ಮೇಕೆ ಕೂಗಿದ ಹಾಗಿದೆ ಎಂದೂ ಹೇಳಿದರು. ಅದು ನಿಜ.

ಇನ್ನು ಮುಂದೆ ರೆಕಾರ್ಡಿಂಗ್ ಇರುವಾಗ ಬಾಗಿಲಿಗೆ ಬೋರ್ಡ್ ಹಾಕುತ್ತೇವೆಂದು ನನ್ನ ಪತಿ ಹೇಳಿಕಳಿಸಿದರು. ಮೇಡಂ ಒಪ್ಪಲಿಲ್ಲ. "ಬೋರ್ಡ್ ಬೇಡ. ನಾಳೆ ನಿಜವಾಗ್ಲೂ ಹೆಂಡ್ತೀನ ಹೊಡೆಯೋ ಯಾವನೋ ಇದೇ ಬೋರ್ಡ್ ಹಾಕ್ತಾನೆ" ಎಂದರು.

ಆಂಟಿ ಕತ್ತರಿಯನ್ನು ಚೀಲದಲ್ಲಿಟ್ಟುಕೊಂಡು, "ಹಾಳಾದೋರಾ, ಹೊಲೀತಿದ್ದ ಬಟ್ಟೆ ಮಿಷಿನ್ ಮೇಲೇ ಬಿಟ್ಟು ಓಡಿಬಂದೆ. ಸುಮ್ನೆ ರಂಪ ಮಾಡಿಬಿಟ್ಟೆ, ಇನ್ನು ನಿಮ್ಮ ಮನೆ ಕಡೆ ತಲೆ ಹಾಕಲ್ಲ" ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಆ ಮನೆಗೆ ಬಂದು 23 ದಿನ, ಇವರ ಜೊತೆ ಒಂದು ಮಾತೂ ಆಡಿರಲಿಲ್ಲ. ಆದರೂ ಅವರು ಎರಡು ಮಹಡಿಯ ನಡುವಿನ 18 ಮೆಟ್ಟಿಲು ಹತ್ತಿ ಬಂದರು.

ನನ್ನ ಪತಿಯ ಮೇಲಾಗಲಿ, ಆಂಟಿಯ ಮೇಲಾಗಲಿ ನನ್ನ ದೂರೇನೂ ಇಲ್ಲ. ಉಳಿದ ಆರು ಕೂಗುಗಳನ್ನು ಮುಂದಿನ ಭಾನುವಾರ ಆಂಟಿಯನ್ನು ಕೂರಿಸಿಕೊಂಡೇ ಮುಗಿಸುತ್ತೇವೆ. ಅದಾದ ನಂತರ ನಮ್ಮ ಮನೆಯಿಂದ ಯಾವತ್ತಾದರೂ ಕೂಗು ಕೇಳಿಸಿದರೆ, ಆಟವಿರಬೇಕು ಎಂದುಕೊಂಡು ಸುಮ್ಮನಿರದೆ, ಇವತ್ತಿನ ಹಾಗೆಯೇ ಬಂದು ಬಾಗಿಲು ಬಡಿಯಬೇಕೆಂದು ನಾನು ಮತ್ತು ನನ್ನ ಪತಿ ಇಬ್ಬರೂ ಆಂಟಿಯನ್ನು ಕೇಳಿಕೊಂಡಿದ್ದೇವೆ. ಅವರು ಒಪ್ಪಿದ್ದಾರೆ.

ಮೇಲಿನದೆಲ್ಲ ನಾನು ಕಂಡದ್ದು, ಕೇಳಿದ್ದು ಮತ್ತು ಸ್ವತಃ ಕೂಗಿದ್ದು. ಓದಿ ಹೇಳಿದ್ದನ್ನು ಕೇಳಿ, ಸತ್ಯವೆಂದು ಒಪ್ಪಿ, ಯಾರ ಒತ್ತಾಯವೂ ಇಲ್ಲದೆ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ, ಮಹಿಳಾ ಸಹಾಯ ಕೊಠಡಿ
ದಿನಾಂಕ: 14, ಭಾನುವಾರ, ಸಂಜೆ 5-50
(ಹೇಳಿಕೆದಾರಳ ಸಹಿ)