ಆರಿಸದ ಎಂಜಿನ್

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರಿಗೆ ಪರರ ಮಾತಿಗೆ ಕಿವಿಗೊಡುವ ಚಟವೇನೂ ಇರಲಿಲ್ಲ. ಆದರೆ ಮುಂದೆ ನಿಂತಿದ್ದ ಸೋದರಮಾವ, ಸೊಸೆ ಇಬ್ಬರಿಗೂ ದನಿ ತಗ್ಗಿಸುವ ಅಭ್ಯಾಸವೇ ಇದ್ದಂತಿರಲಿಲ್ಲ. ಮಾವನ ಕೈಯಲ್ಲೊಂದು ಹಾಳೆಯಿತ್ತು.

"ತಪ್ಪಾಯ್ತು ಅಂತ ಎರಡೇ ಸಾಲು. ನಾನೇ ಬರೆದಿದ್ದೀನಿ, ನೀನು ಸಹಿ ಹಾಕಿದ್ರೆ ಸಾಕು."

"ಹಾಕಲ್ಲ ಮಾವ. ಯಾವ ತಪ್ಪಿಗೆ?"

"ಅತಿಥಿಗಳ ಎದುರಿಗೇ ನಿಮ್ಮ ಲ್ಯಾಬ್ ಡೈರೆಕ್ಟರ್ ಮಾತು ಮೀರಿದ್ದಕ್ಕೆ."

"ಅದು ಉಪಗ್ರಹಾನ ತಳ್ಳೋ ಎಂಜಿನ್. ಗಾಳಿ ಎಳೆದು ತೆಗೆದ ತೊಟ್ಟಿಯೊಳಗೆ ನಾಲ್ಕು ತಿಂಗಳಿಂದ ಒಂದು ಕ್ಷಣಾನೂ ಆರದೆ ಉರೀತಿದೆ. ಎಷ್ಟು ದಿನ ಬಾಳುತ್ತೆ ಅಂತ ನೋಡೋದೇ ಪರೀಕ್ಷೆ. ಇವರು ಬಂದು, ಆರಿಸಿ ತೊಟ್ಟಿ ಬಾಗಿಲು ತೆಗಿ, ಅತಿಥಿಗಳು ಪಕ್ಕದಲ್ಲಿ ನಿಂತು ಫೋಟೊ ತೆಗೆಸ್ಕೋಬೇಕು ಅಂತಾರೆ!"

"ತೆಗೆಸ್ಕೊಂಡ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನಾಲ್ಕು ತಿಂಗಳು ಹೋಗ್ತಿತ್ತು. ಮತ್ತೆ ಮೊದಲ್ನೇ ದಿನದಿಂದ ಶುರು ಮಾಡ್ಬೇಕಿತ್ತು. ಅದಕ್ಕೇ ಬೀಗದ ಕೈ ಜೇಬಿಗೆ ಹಾಕ್ಕೊಂಡು ಬಾಗಿಲಿಗೆ ಅಡ್ಡ ನಿಂತೆ."

"ದೊಡ್ಡೋರನ್ನ ಎದುರು ಹಾಕ್ಕೊಂಡು ಬದುಕೋಕಾಗುತ್ತೇನೇ?"

"ಮೂವತ್ತು ವರ್ಷ ಹಡಗಿನ ಎಂಜಿನ್ ನೋಡ್ಕೊಂಡೋರು ನೀವು. ನಡುಸಮುದ್ರದಲ್ಲಿ ಯಾರೋ ಬಂದು ಫೋಟೊಗೋಸ್ಕರ ನಿಲ್ಲಿಸು ಅಂದಿದ್ರೆ ನಿಲ್ಲಿಸ್ತಿದ್ರಾ?"

ಅಷ್ಟರಲ್ಲಿ ಅವರ ಸರದಿ ಬಂತು.

"ಎಷ್ಟು ಕಾಪಿ ಸಾರ್?"

"ಒಂದೂ ಬೇಡಪ್ಪ."

ಹಾಳೆಯನ್ನು ಹರಿದು ಅಂಗಡಿಯ ಕಸದ ಬುಟ್ಟಿಗೆ ಹಾಕಿ, ಮಾವ ಮೆಟ್ಟಿಲಿಳಿದರು. ಸೊಸೆ ಹಿಂದೆಯೇ ಓಡಿದಳು. ಬೀದಿಯ ಗದ್ದಲದಲ್ಲೂ ಇಬ್ಬರ ದನಿಯೂ ಮೇಷ್ಟ್ರಿಗೆ ಕೇಳುತ್ತಿತ್ತು.

"ಬೀಗದ ಕೈ ಈಗ ಯಾರ ಹತ್ರ ಇದೆ?"

"ನನ್ನ ಹತ್ರಾನೇ ಇದೆ ಮಾವ."

"ಕೊಡ್ಬೇಡ."