ಮೊದಲು ಕೂಗಿದವನು

ಒಂದು ಊರು ಅಂದುಕೊಳ್ಳಿ. ಆ ಊರಿಗೊಬ್ಬ ಶ್ರೀಮಂತ. ಕಥೆ ಎಂದರೆ ಶ್ರೀಮಂತನೇ ಯಾಕೆ ಬರಬೇಕು ಎಂದು ಹೋದ ವರ್ಷ ಯಾರೋ ಕೇಳಿದ್ದರು. ಏನು ಮಾಡಲಿ? ಬಡವನಿಂದ ಶುರು ಮಾಡಿದರೆ ನೀವು ಎಲೆಅಡಿಕೆ ಚೀಲ ಬಿಚ್ಚುತ್ತೀರಿ. ಶ್ರೀಮಂತ ಎಂದ ಕೂಡಲೇ ನೆಟ್ಟಗೆ ಕೂರುತ್ತೀರಿ, ಅವನಿಗೇನೋ ಕೆಟ್ಟದ್ದಾಗಲಿದೆ ಎಂಬ ಆಸೆಯಿಂದ.

ಆಗಲಿ. ಆ ಊರು ಒಂದು ಗುಡ್ಡದ ಬುಡದಲ್ಲಿತ್ತು. ಗುಡ್ಡದ ಮೇಲೆ ಮರ ಕಡಿಮೆ, ಹುಲ್ಲು ಜಾಸ್ತಿ. ಮಳೆಗಾಲದಲ್ಲಿ ಎದೆಮಟ್ಟ ಬೆಳೆಯುವ ಹುಲ್ಲು ಸಂಕ್ರಾಂತಿಯ ಹೊತ್ತಿಗೆ ಒಣಗಿ ಗರಗರ ಎನ್ನುತ್ತಿತ್ತು. ಆ ಊರಿನ ಹಿರಿಯರು ದಡ್ಡರಲ್ಲ. ಒಂದು ಪದ್ಧತಿ ಮಾಡಿಟ್ಟಿದ್ದರು. ಪ್ರತಿ ವರ್ಷ ಸಂಕ್ರಾಂತಿ ಮುಗಿದ ಮೇಲೆ ಗುಡ್ಡಕ್ಕೂ ಊರಿಗೂ ನಡುವೆ ಉದ್ದಕ್ಕೂ ಒಂದು ಅಗಲವಾದ ಪಟ್ಟಿಯನ್ನು ಕೆತ್ತಬೇಕು. ಒಂದು ಎಸಳು ಹುಲ್ಲೂ ಉಳಿಯದಂತೆ, ಬರೀ ಮಣ್ಣು ಕಾಣುವಂತೆ ಕೆತ್ತಬೇಕು. ಗುಡ್ಡದಿಂದ ಬೆಂಕಿ ಇಳಿದು ಬಂದರೂ ಅಲ್ಲಿ ತಿನ್ನಲು ಏನೂ ಸಿಗದೆ ತಾನೇ ಸಾಯಬೇಕು. ಅದಕ್ಕೆ ಬೆಂಕಿಗೆರೆ ಎನ್ನುತ್ತಿದ್ದರು. ಮನೆಗೊಂದು ಪಾಲು. ಒಬ್ಬರ ಪಾಲು ಇನ್ನೊಬ್ಬರು ಕೆತ್ತುವಂತಿಲ್ಲ.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ನೋಡಿ, ನಮ್ಮ ಜನ ಒಂದು ಒಳ್ಳೆಯ ಕೆಲಸ ಹಿಡಿದರೆ ಅದಕ್ಕೊಂದು ಮರ್ಯಾದೆ ಅಂಟಿಸದೆ ಬಿಡುವುದಿಲ್ಲ. ಮೊದಲ ಗುದ್ದಲಿ ಶ್ರೀಮಂತನ ಮನೆಯದು. ಊರಿನ ಪಂಚರು ಹಲಗೆ ಬಾರಿಸಿಕೊಂಡು ಅವನ ಮನೆಗೆ ಹೋಗಿ, ವೀಳ್ಯ ಕೊಟ್ಟು ಕರೆಯಬೇಕು. ಅವನು ಬಂದು, ಕಾಯಿ ಒಡೆದು, ಗುದ್ದಲಿ ಹಾಕಬೇಕು. ಆಮೇಲೆ ಉಳಿದವರು. ಅವನಿಗಿಂತ ಮೊದಲು ಯಾರಾದರೂ ಗುದ್ದಲಿ ಎತ್ತಿದರೆ ಅವಮಾನ.

ಒಂದು ವರ್ಷ ಯಾರದೋ ಮದುವೆಯ ಊಟದಲ್ಲಿ ಪಂಚರು ಶ್ರೀಮಂತನನ್ನು ಎರಡನೆಯ ಪಂಕ್ತಿಗೆ ಕೂರಿಸಿಬಿಟ್ಟರು. ಬೇಕೆಂದೇ ಕೂರಿಸಿದರೋ, ಮರೆತು ಕೂರಿಸಿದರೋ, ಹೋಳಿಗೆಯಂತೂ ಎರಡೂ ಪಂಕ್ತಿಗೆ ಒಂದೇ. ಶ್ರೀಮಂತ ಊಟ ಮಾಡಿದ, ತುಪ್ಪ ಎರಡು ಸಲ ಹಾಕಿಸಿಕೊಂಡ, ಮನೆಗೆ ಬಂದು ಸಿಟ್ಟಾದ.

“ವೀಳ್ಯ ಹಿಡಕೊಂಡು ಬರ್ಲಿ ಅವರು, ಆಮ್ಯಾಲ ನೋಡೂಣು,” ಎಂದ.

ಪಂಚರು ಏನೆಂದರು? “ವರ್ಷಾ ನಾವಽ ಹೋಗಿ ಅವನ ಬಾಗಲಾ ಕಾಯಬೇಕೇನು? ಅವನ ಹೊಲಾನೂ ಗುಡ್ಡದ ಕೆಳಗಽ ಅದಾವು. ಗರಜಿದ್ದರ ತಾನಽ ಬರ್ತಾನ.”

ಉಳಿದ ಊರು? ಗುದ್ದಲಿ ಇತ್ತು. ಕೈ ಇತ್ತು. ಗುಡ್ಡ ಎದುರಿಗೇ ಇತ್ತು. ಒಂದು ಮನೆಯಲ್ಲಿ ಹೆಂಡತಿ ಗಂಡನನ್ನು ಕೇಳಿದಳು, “ನಮ್ಮ ಪಾಲು ನಾವು ಕೆತ್ತಿ ಬಂದರ ಯಾರರ ಬ್ಯಾಡಂತಾರೇನು?”

“ಸುಮ್ಮನಿರಽ. ದೊಡ್ಡವರ ನಡುವ ನಮ್ಮದೇನು?”

ಹೀಗೆ ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಗೆರೆ ಇರಬೇಕಾದ ಕಡೆ ಹುಲ್ಲು ನಿಂತೇ ಇತ್ತು.

ಈಗ ಇನ್ನೊಬ್ಬನನ್ನು ಕರೆತರುತ್ತೇನೆ. ಒಬ್ಬ ಕುರಿಗಾಹಿ. ಬೇರೆ ಸೀಮೆಯವನು. ಪ್ರತಿ ಬೇಸಿಗೆ ಕುರಿ ಹೊಡೆದುಕೊಂಡು ಈ ಊರಿಗೆ ಬರುತ್ತಿದ್ದ. ಹಗಲು ಗುಡ್ಡದ ಮೇಲೆ ಮೇಯಿಸುವುದು, ಸಂಜೆಗೆ ಇಳಿದು ಬಂದು, ಕಟಾವಾದ ಹೊಲಗಳಲ್ಲಿ ಕುರಿ ತರುಬುವುದು. ರಾತ್ರಿಯೆಲ್ಲ ಕುರಿ ಮಲಗಿದ ಹೊಲಕ್ಕೆ ಗೊಬ್ಬರ ಬೇರೆ ಬೇಕಿಲ್ಲ. ಅದಕ್ಕೇ ಊರಿನವರು ಜಗಳವಾಡಿ ಅವನನ್ನು ಕರೆಯುತ್ತಿದ್ದರು. “ಇವತ್ತು ನಮ್ಮ ಹೊಲಕ್ಕ ಬಾರೋ ಅಣ್ಣಾ,” “ಅಲ್ಲೋ ತಮ್ಮಾ, ನನಗ ಮಾತು ಕೊಟ್ಟೀದಿ.” ಆಗ ಅವನೇ ಅಣ್ಣ, ಅವನೇ ತಮ್ಮ. ನೆನಪಿಟ್ಟುಕೊಳ್ಳಿ ಎಂದು ಹೇಳುವುದಿಲ್ಲ, ಆ ಊರಿನವರೇ ನೆನಪಿಟ್ಟುಕೊಳ್ಳಲಿಲ್ಲ.

ಒಂದು ಮಧ್ಯಾಹ್ನ, ಬಿರುಗಾಳಿ ಬೀಸುತ್ತಿರುವಾಗ, ಗುಡ್ಡದ ಆಚೆ ಬದಿಯಲ್ಲಿ ಹೊಗೆ ಕಂಡಿತು. ಊರಿಗೆ ಕಾಣಲಿಲ್ಲ, ಊರು ಉಂಡು ಮಲಗಿತ್ತು. ಕಂಡದ್ದು ಕುರಿಗಾಹಿಗೆ. ಕುರಿಗಳನ್ನು ಹೊಡೆದುಕೊಂಡು ಪಕ್ಕದ ಬಯಲಿಗೆ ಇಳಿದಿದ್ದರೆ ಅವನ ಮಂದೆಯೆಲ್ಲ ಉಳಿಯುತ್ತಿತ್ತು. ಅವನು ಕುರಿ ಬಿಟ್ಟು ಊರಿನ ಕಡೆಗೆ ಓಡಿದ. ಓಣಿ ಓಣಿಯಲ್ಲಿ ಬಾಗಿಲು ಬಡಿದ. “ಬೆಂಕಿ ಬಂತ್ರೋ! ಕೂಸುಗೋಳನ್ನ ಹೊರಗ ತಗೀರೋ!”

ಜನ ಹೊರಗೆ ಬಂದರು. ಬೆಂಕಿ ಇಳಿದು ಬಂತು. ಗೆರೆ ಇರಬೇಕಾದ ಜಾಗಕ್ಕೆ ಬಂತು, ನಿಲ್ಲಲಿಲ್ಲ. ಯಾಕೆ ನಿಲ್ಲಬೇಕು? ತಿನ್ನಲು ಬೇಕಾದಷ್ಟಿತ್ತು. ಬಣವೆಗಳು ಹೋದವು, ಶ್ರೀಮಂತನ ಕಣಜ ಹೋಯಿತು, ಕೆಳಗಿನ ಓಣಿಯ ಮನೆಗಳು ಪೂರ್ತಿ ಹೋದವು. ಕಟ್ಟಿದ ಕರುವನ್ನು ಬಿಚ್ಚಿ ಬರುತ್ತೇನೆ ಎಂದು ಒಬ್ಬ ಮುದುಕಿ ಹಿಂದಕ್ಕೆ ಹೋದಳು, ಬರಲಿಲ್ಲ. ಗುಡ್ಡದ ಮೇಲೆ ಕುರಿಗಾಹಿಯ ಅರ್ಧ ಮಂದೆ ಸುಟ್ಟು ಬಿದ್ದಿತ್ತು.

ಅತ್ತರು. ಮಣ್ಣು ಮಾಡಿದರು. ಗಂಜಿ ಕಾಯಿಸಿದರು. ಅಲ್ಲಿಯ ತನಕ ಅದು ಒಳ್ಳೆಯ ಊರೇ. ಆಮೇಲೆ ಕಟ್ಟೆಗೆ ಬಂದು ಕೂತರು. ಕಟ್ಟೆಗೆ ಬಂದು ಕೂತರು ನೋಡಿ, ಅಲ್ಲಿಂದ ಕೆಟ್ಟಿತು.

“ಮೊದಲ ಕೂಗಿದಾಂವ ಯಾರು?” ಎಂದು ಒಬ್ಬ ಶುರು ಮಾಡಿದ.

“ಕುರಿಯಾಂವ.”

“ಇಡೀ ಊರಿಗೆ ಗೊತ್ತಿಲ್ಲದ್ದು ಅವಂಗ ಹ್ಯಾಂಗ ಗೊತ್ತಾತು?”

“ಗುಡ್ಡದ ಮ್ಯಾಲಿದ್ದನಲ್ಲೋ, ಕಾಣಿಸ್ತು.”

“ಗುಡ್ಡದ ಮ್ಯಾಲೆ ಯಾಕಿದ್ದ?”

ಎಂಥ ಪ್ರಶ್ನೆ ನೋಡಿ! ಕುರಿ ಮೇಯಿಸುವವನು ಗುಡ್ಡದ ಮೇಲೆ ಯಾಕಿದ್ದ! ಪೂಜಾರಿ ಗುಡಿಯಲ್ಲಿ ಯಾಕಿದ್ದ ಎಂದು ಕೇಳಿದ ಹಾಗೆ. ಆದರೆ ಕಟ್ಟೆಯ ಮೇಲೆ ಕೂತವರು ತಲೆಯಾಡಿಸಿದರು. ತಲೆಯಾಡಿಸುವುದಕ್ಕೆ ಏನು ಖರ್ಚು?

“ಅವನ ಕುರಿನೂ ಸತ್ತಾವಲ್ಲ,” ಎಂದ ಒಬ್ಬ, ಸ್ವಲ್ಪ ನ್ಯಾಯವಂತ.

“ಅರ್ಧ ಸತ್ತಾವು. ಉಳದ ಅರ್ಧ ಹ್ಯಾಂಗ ಉಳದಾವು, ಅದನ್ನ ಹೇಳು.”

ಎಲ್ಲವೂ ಉಳಿದಿದ್ದರೆ ಮೊದಲೇ ಸಾಗಿಸಿದ್ದ ಎನ್ನುತ್ತಿದ್ದರು. ಎಲ್ಲವೂ ಸತ್ತಿದ್ದರೆ, ಅನುಮಾನ ಬರಬಾರದೆಂದು ಸಾಯಿಸಿದ ಎನ್ನುತ್ತಿದ್ದರು. ಮೊದಲ ದಿನ ಕುರಿಗಾಹಿ ಮರಗಟ್ಟಿ ಕೂತಿದ್ದ. “ಕಣ್ಣಾಗ ಒಂದು ಹನಿ ನೀರಿಲ್ಲ ನೋಡು, ಕಲ್ಲಿನಂಥಾಂವ.” ಮರುದಿನ ಅತ್ತ. “ಮಾಡಿದ್ದು ಕಾಡಾಕತ್ತೈತಿ ನೋಡು.” ಹೇಳಿ, ಆ ಮನುಷ್ಯ ಯಾವ ಮುಖ ಇಟ್ಟುಕೊಂಡಿದ್ದರೆ ಬದುಕುತ್ತಿದ್ದ?

ಕಟ್ಟೆಯ ಮೂಲೆಯಲ್ಲಿ ಒಬ್ಬ ಮುದುಕ ಇದ್ದ. ಅವನು ಕೆಮ್ಮಿ, “ಈ ವರ್ಷ ಗೆರಿ ಕೆತ್ತಿದ್ದಿಲ್ಲಲ್ಲ ನಾವು?” ಎಂದ.

ಒಬ್ಬ ನೆಲ ನೋಡಿದ, ಒಬ್ಬ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಶ್ರೀಮಂತ ಪಂಚರ ಮುಖ ನೋಡಿದ. ಪಂಚರು ಶ್ರೀಮಂತನ ಮುಖ ನೋಡಿದರು. ಮದುವೆ ಊಟದಿಂದ ಮಾತು ಬಿಟ್ಟಿದ್ದವರು ಆ ಗಳಿಗೆಯಲ್ಲಿ ಒಂದಾದರು.

“ಅದು ಬ್ಯಾರೆ ಮಾತು,” ಎಂದ ಶ್ರೀಮಂತ.

“ಬ್ಯಾರೆನಽ ಮಾತು,” ಎಂದರು ಪಂಚರು. “ಈಗ ಹಚ್ಚಿದಾಂವ ಯಾರು ಅನ್ನೂದಷ್ಟಽ ಮಾತು.”

ಶ್ರೀಮಂತ ಪಕ್ಕಕ್ಕೆ ಸರಿದು ಅವರಿಗೆ ಜಮಖಾನೆಯ ಮೇಲೆ ಜಾಗ ಮಾಡಿದ. ಎಲೆಅಡಿಕೆ ತಟ್ಟೆ ಆ ಕಡೆಯಿಂದ ಈ ಕಡೆಗೆ ಬಂತು. ಊರು ಉಳಿಸಲು ಒಂದು ವೀಳ್ಯ ದಾಟದಿದ್ದ ದೂರವನ್ನು, ಪರದೇಶಿಯೊಬ್ಬನನ್ನು ಹಿಡಿಯಲು ಇಡೀ ತಟ್ಟೆಯೇ ದಾಟಿತು.

ಕುರಿಗಾಹಿಯ ಉಳಿದ ಕುರಿಗಳನ್ನು, ಬೀದಿ ದನ ಕೂಡಿಹಾಕುವ ದೊಡ್ಡಿಗೆ ಹಾಕಿ ಅಗಳಿ ಜಡಿದರು. ತಪ್ಪೊಪ್ಪಿಕೋ, ಕುರಿ ಬಿಡುತ್ತೇವೆ ಎಂದರು. ಒಳಗೆ ಮೇವಿಲ್ಲ, ನೀರಿಲ್ಲ. ಕುರಿಗಳ ಕೆಚ್ಚಲು ಬತ್ತಿತು. ಮರಿಗಳು ಮೊದಲು ಒದರಿದವು, ಆಮೇಲೆ ಒದರುವುದನ್ನೂ ಬಿಟ್ಟವು. ಕುರಿಗಾಹಿ ಗೋಡೆಯ ಹೊರಗೆ ಕೂತು ಕೇಳುತ್ತಿದ್ದ. ಕೂಗು ಕೇಳುವುದು ಒಂದು ಕಷ್ಟ, ಕೂಗು ನಿಲ್ಲುವುದು ಕೇಳುವುದು ಇನ್ನೊಂದು. ಆ ಎರಡನೆಯದನ್ನು ಅವನಿಂದ ತಡೆಯಲಾಗಲಿಲ್ಲ. ಕಟ್ಟೆಗೆ ಬಂದು ಕೈಮುಗಿದ.

“ನಾನಽ ಹಚ್ಚೀನ್ರಿ. ಕುರಿ ಬಿಡ್ರಿ.”

ಎಲ್ಲರಿಗೂ ಎಷ್ಟು ಸಮಾಧಾನ! ಆದರೆ ಪಂಚರು ಪಂಚರಲ್ಲವೇ, ಪೂರ್ತಿ ವಿಚಾರಣೆ ಆಗಬೇಕು. “ಹ್ಯಾಂಗ ಹಚ್ಚಿದಿ?”

“ಹ್ಯಾಂಗ ಹಚ್ಚೀನಿ ಅಂದರ ಬಿಡ್ತೀರಿ?”

“ಬೀಡಿ ಒಗದಿರಬೇಕು,” ಎಂದ ಶ್ರೀಮಂತ.

“ಹೂನ್ರಿ ಗೌಡ್ರ. ಬೀಡಿ.”

“ಅಂವ ಬೀಡಿ ಸೇದೂದಿಲ್ಲಲ್ಲ,” ಎಂದ ಆ ಸ್ವಲ್ಪ ನ್ಯಾಯವಂತ.

“ಹಂಗಾರ ಒಲಿ. ಅಡಗಿ ಮಾಡಿ ಒಲಿ ಆರಸಿಲ್ಲ,” ಎಂದರು ಪಂಚರು.

“ಹೂನ್ರಿ. ಒಲಿ.”

“ಎರಡರಾಗ ಯಾವುದಾದರೂ ಒಂದು ಹೇಳಲೇ!”

“ಯಪ್ಪಾ, ಮೊನ್ನಿಯಿಂದ ಅವು ನೀರ ಕಂಡಿಲ್ಲ. ಎರಡೂ ಅಂತ ಹಿಡೀರಿ.”

ಎರಡೂ ಎಂದು ಹಿಡಿದರು! ನಗುತ್ತಿದ್ದೀರಿ. ನಗಿ. ಆ ಊರಿನಲ್ಲಿ ಯಾರೂ ನಗಲಿಲ್ಲ. ಇನ್ನು ಈ ಸೀಮೆಯಲ್ಲಿ ಕಾಲಿಡಬಾರದು ಎಂದು ತೀರ್ಪಾಯಿತು. ಕುರಿಗಾಹಿ ದೊಡ್ಡಿಯ ಅಗಳಿ ತೆಗೆದ. ನಡೆಯುವವನ್ನು ನಡೆಸಿದ, ನಡೆಯಲಾರದ ಎರಡು ಮರಿಗಳನ್ನು ಕಂಬಳಿಯಲ್ಲಿ ಕಟ್ಟಿಕೊಂಡ, ಏಳದವನ್ನು ಅಲ್ಲೇ ಬಿಟ್ಟ. ಕೆರೆಯಲ್ಲಿ ನೀರು ಕುಡಿಸಿ ಹೋದ. ಮತ್ತೆ ಬರಲಿಲ್ಲ. ಅವನ ಮಾತು ಕೇಳಿದ ಬೇರೆ ಕುರಿಯವರೂ ಆ ಗುಡ್ಡ ಹತ್ತಲಿಲ್ಲ.

ಬೆಂಕಿ ಹಚ್ಚಿದ್ದು ನಿಜವಾಗಿ ಯಾರು? ನನಗೆ ಗೊತ್ತಿಲ್ಲ. ಕಥೆ ನನ್ನದೇ, ಆದರೂ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಅವನ ಬೆನ್ನು ಹತ್ತುತ್ತೀರಿ.

ಮುಂದಿನ ಸಂಕ್ರಾಂತಿ ಬಂತು. ಹುಲ್ಲು ಒಣಗಿತು. ಆ ಹೆಣ್ಣುಮಗಳು ಗಂಡನನ್ನು ಮತ್ತೆ ಕೇಳಿದಳು, “ಗೆರಿ?”

“ಹಚ್ಚಿದಾಂವನ್ನ ಓಡಿಸೀವಲ್ಲಽ! ಇನ್ನ ಯಾರು ಹಚ್ಚತಾರ?”

ನೋಡಿ, ಇಲ್ಲಿದೆ ವಿಷ. ತಪ್ಪಿತಸ್ಥ ಸಿಕ್ಕಿಬಿಟ್ಟ, ಆದ್ದರಿಂದ ತಪ್ಪು ತಿದ್ದಬೇಕಾಗಿಲ್ಲ. ಊರಿಗೆ ಊರೇ ಇದನ್ನು ನಂಬಿತು. ಬೆಂಕಿ ಮಾತ್ರ ನಂಬಲಿಲ್ಲ. ಪಂಚರ ತೀರ್ಪು ಅದಕ್ಕೆ ಮುಟ್ಟಿರಲಿಲ್ಲ. ಇನ್ನೊಂದು ಮಧ್ಯಾಹ್ನ, ಇನ್ನೊಂದು ಗಾಳಿಗೆ, ಅದು ಮತ್ತೆ ಇಳಿಯಿತು. ಊರು ಉಂಡು ಮಲಗಿತ್ತು. ಈ ಸಲ ಗುಡ್ಡದ ಮೇಲೆ ಯಾರೂ ಇರಲಿಲ್ಲ. ಈ ಸಲ ಯಾರೂ ಕೂಗಲಿಲ್ಲ.

ಎಷ್ಟು ಮಂದಿ ಉಳಿದರು ಎಂದು ಕೇಳಬೇಡಿ.

ಈಗ ಕಥೆ ಬಿಡಿ, ಇಲ್ಲಿಗೆ ಬನ್ನಿ. ಈ ಬೇಸಿಗೆಯಲ್ಲಿ ನಿಮ್ಮ ಗುಡ್ಡವೂ ಸುಟ್ಟಿದೆ, ನಿಮ್ಮ ಮನೆಗಳೂ ಸುಟ್ಟಿವೆ. ನಿಮ್ಮ ದುಃಖ ನನಗೆ ತಮಾಷೆಯಲ್ಲ. ಆದರೆ ಶ್ರಾವಣದ ಪ್ರವಚನಕ್ಕೆಂದು ನಾನು ಈ ಊರಿಗೆ ಬಂದಿಳಿದೆ ನೋಡಿ, ಬಸ್ಸಿನ ಕಂಡಕ್ಟರು ಹಚ್ಚಿದವನ ಹೆಸರು ಹೇಳಿದ. ಚಹಾದಂಗಡಿಯವನು ಬೇರೆ ಹೆಸರು ಹೇಳಿದ. ಮಠದಲ್ಲಿ ಕಾಲಿಗೆ ನೀರು ಕೊಟ್ಟವನು ಮೂರನೆಯದು ಹೇಳಿದ. ಮೂವರಿಗೂ ಖಾತ್ರಿ. ಮೂವರಲ್ಲಿ ಒಬ್ಬನೂ ಕಣ್ಣಿಂದ ನೋಡಿಲ್ಲ.

ಈಗಂತೂ ಊರು ಒಂದೇ ಹೆಸರಿಗೆ ಬಂದು ನಿಂತಿದೆ ಎಂದು ಕೇಳಿದೆ. ಹುಲಿಗೆವ್ವ. ಗುಡ್ಡದಿಂದ ಹುಲ್ಲು ಕೊಯ್ದು ಕಸಬರಿಗೆ ಕಟ್ಟಿ ಮಾರುವವಳು. ಅವತ್ತು ಶಾಲೆಯ ಬಾಗಿಲು ಬಡಿದು ಮಕ್ಕಳನ್ನು ಹೊರಗೆ ಕರೆದವಳು ಅವಳೇ ಎಂದು ಮಧ್ಯಾಹ್ನ ಪ್ರಸಾದಕ್ಕೆ ಕೂತಾಗ ನಿಮ್ಮ ಮೇಷ್ಟ್ರೇ ನನಗೆ ಹೇಳಿದರು. ಹೇಳಿ, ದನಿ ತಗ್ಗಿಸಿ, “ಆದರ ಸ್ವಾಮ್ಯಾರ, ಆಕಿಗೆ ಎಲ್ಲಾರಿಗಿಂತ ಮೊದಲ ಹ್ಯಾಂಗ ಗೊತ್ತಾತು?” ಎಂದರು. ಅವಳ ಕಸಬರಿಗೆಯನ್ನು ಈಗ ಒಂದು ಮನೆಯೂ ಕೊಳ್ಳುವುದಿಲ್ಲ. ಗಿರಣಿಯಲ್ಲಿ ಅವಳ ಜೋಳದ ಪಾಳಿ ಬರುವುದೇ ಇಲ್ಲ.

ಕಥೆಯಲ್ಲಿ ನಾನು ಯಾರಿಗೂ ಹೆಸರಿಡಲಿಲ್ಲ. ಅವನು ನಮ್ಮ ಓಣಿಯವನಲ್ಲ ಎಂದು ನೀವು ಆರಾಮಾಗಿ ಕೇಳಲಿ ಎಂದು. ಇಲ್ಲಿ ಹೆಸರಿದೆ.

ಹಾಗಾದರೆ ಏನು ಮಾಡಬೇಕು ಸ್ವಾಮಿ ಎನ್ನುತ್ತೀರಿ. ಜಪ ಹೇಳಿಕೊಡುತ್ತೇನೆ ಎಂದುಕೊಂಡಿದ್ದರೆ, ಇಲ್ಲ. ದೀಪಾವಳಿ ಕಳೆದು ಹುಲ್ಲು ಹಳದಿಯಾದಾಗ ಗುದ್ದಲಿ ತೆಗೆದುಕೊಂಡು ಹೋಗಿ. ನಿಮ್ಮ ಹೊಲದ ಮುಂದಿನಷ್ಟು ನೀವು ಕೆತ್ತಿ. ಪಂಚಾಯಿತಿಯವರು ಬರಲಿ, ಅರಣ್ಯದವರು ಬರಲಿ, ಮೊದಲು ಪಕ್ಕದವನು ಕೆತ್ತಲಿ ಎಂದು ಹೊಸ್ತಿಲಲ್ಲಿ ಕೂರಬೇಡಿ. ಯಾರಾದರೂ ಬಂದು ಇಂಥವರು ಹಚ್ಚಿದರು ಎಂದರೆ, “ನೀ ನಿಂತು ನೋಡಿದ್ಯಾ?” ಎಂದು ಕೇಳಿ. ಅಷ್ಟೇ ಸಾಕು, ಅವನೇ ಎದ್ದು ಹೋಗುತ್ತಾನೆ. ನೋಡಿದ್ದರೆ ಕರೆದುಕೊಂಡು ಹೋಗಿ ಪೊಲೀಸರ ಮುಂದೆ ಹೇಳಿಸಿ, ಚಹಾದಂಗಡಿಯಲ್ಲಿ ಬೇಡ. ಗಿರಣಿಯವರೇ, ಕಂಬದ ಹಿಂದೆ ಯಾಕೆ ಸರಿದಿರಿ, ಕಾಣುತ್ತಿದ್ದೀರಿ. ನಾಳೆ ಬೆಳಿಗ್ಗೆ ಮೊದಲ ಪಾಳಿ ಹುಲಿಗೆವ್ವನ ಜೋಳದ್ದು.

ಉಪದೇಶ ಮುಗಿಯಲಿಲ್ಲ, ಇನ್ನೂ ಒಂದು ಗಳಿಗೆಯಷ್ಟು ಬಾಕಿ ಇದೆ. ಆದರೆ ಆಗಿನಿಂದ ನೋಡುತ್ತಿದ್ದೇನೆ, ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ಒಬ್ಬ ತಾಯಿ ನಿಂತೇ ಕೇಳುತ್ತಿದ್ದಾಳೆ. ಎರಡು ಸಲ ಒಳಗೆ ಕಾಲಿಟ್ಟಳು, ಎರಡು ಸಲವೂ ಚಾಪೆಯ ಮೇಲೆ ಯಾರೂ ಅಲುಗಲಿಲ್ಲ, ಹಿಂದಕ್ಕೆ ಹೋದಳು. ಹುಲಿಗೆವ್ವ, ಒಳಗ ಬಾರವ್ವ. ಅಮ್ಮಂದಿರೇ, ಸ್ವಲ್ಪ ಸರಿಯಿರಿ. ಅಲ್ಲಲ್ಲ, ಆ ಮೂಲೆಯಲ್ಲಲ್ಲ, ನಡುವೆ. ನೀವು ಜಾಗ ಮಾಡುವ ತನಕ ನಾನು ಮುಂದಿನ ಮಾತು ಆಡುವುದಿಲ್ಲ. ಮಂಗಳಾರತಿಗೂ ಅವಸರವಿಲ್ಲ.

ಇನ್ನೂ ಸ್ವಲ್ಪ ಸರಿಯಿರಿ.